ಬಾದಾಮಿಯ ಬಂಡೆ, ಹಲಸಂಗಿಯ ಬೀಸುಕಲ್ಲು

ಜನಾಂಗವೊಂದರ ಆದ್ಯಕಾವ್ಯವು ರಾಜಾಸ್ಥಾನದಲ್ಲಿ ಮಾತ್ರವೇ ಹುಟ್ಟುವುದಿಲ್ಲ. ಆದರೆ ಮುಂದಿನವರಿಗೆ ದೊರೆಯುವುದು ಬಹುಮಟ್ಟಿಗೆ ಬರಹಬಲ್ಲವರು ಬರೆದಿಟ್ಟುದು ಮಾತ್ರ. ಬರಹವರಿಯದವರ ಹಾಡಿಗೂ ಮನ್ನಣೆಯಿತ್ತ ಪ್ರಾಚೀನ ಗ್ರಂಥಗಳಲ್ಲಿ ಜಪಾನೀಯರ ‘ಮನ್‌ಯೋಶೂ’ ಗಣ್ಯವಾದುದು. ಕ್ರಿ. ಶ. ಎಂಟನೆಯ ಶತಮಾನದಲ್ಲಿ ಸಂಕಲಿತವಾದ ಅದರ 20 ಭಾಗಗಳಲ್ಲಿ 4,500ಕ್ಕೂ ಮಿಕ್ಕ ಪದ್ಯಗಳಿವೆ. ಚಕ್ರವರ್ತಿಗಳ ಕವಿತೆಗಳೊಡನೆ ಪೂರ್ವಪ್ರಾಂತಗಳ ಅನಾಮಿಕರ ಹಾಡುಗಳೂ, ಮನೆಮಕ್ಕಳನ್ನಗಲಿ ಗಡಿಗಾವಲಿಗೆ ಹೊರಟ ಭಟರ ಅಳಲೂ ಅಲ್ಲಿ ಸೇರಿವೆ. ಭಟರ ಪದ್ಯಗಳನ್ನು 755ರಲ್ಲಿ ಕೂಡಿಸಿದವನು ಓತೊಮೊ ನೊ ಯಾಕಮೋಚಿ. ಅಧಿಕಾರಿಯೂ ಹೌದು, ಕವಿಯೂ ಹೌದು.

ಹೆಚ್ಚುಕಡಮೆ ಅದೇ ಕಾಲಕ್ಕೆ, ಸುಮಾರು 700ರಲ್ಲಿ, ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವು ಕೆತ್ತಲ್ಪಟ್ಟಿತು. ಅದರಲ್ಲಿ ಸಂಸ್ಕೃತ ಶ್ಲೋಕದ ಮಗ್ಗುಲಲ್ಲಿಯೇ ಕನ್ನಡದ ತ್ರಿಪದಿಗಳಿವೆ. ಹನ್ನೊಂದು ಗಣಗಳ ಈ ಅಚ್ಚ ದೇಶೀ ಛಂದಸ್ಸು ಗೀರ್ವಾಣವಾಣಿಯ ಸಮಪಂಕ್ತಿಯಲ್ಲಿ ಕುಳಿತುದು ಸಾಮಾನ್ಯ ಸಂಗತಿಯಲ್ಲ. ಮುಂದೆ ಸುಮಾರು 850ರಲ್ಲಿ ‘ಕವಿರಾಜಮಾರ್ಗ’ವು ಓದುಬರಹವಿಲ್ಲದ ಕನ್ನಡಿಗರ ಕಾವ್ಯಶಕ್ತಿಯನ್ನು ಕೊಂಡಾಡಿತು. ಆದರೆ ಆ ಜನರ ಹಾಡುಗಳನ್ನು ಬರೆದಿಡುವ ಯಾಕಮೋಚಿಯೊಬ್ಬನು ಕನ್ನಡನಾಡಿಗೆ ಆಗ ದೊರೆಯಲಿಲ್ಲ.

ತ್ರಿಪದಿಯನ್ನು ಜನರ ಬಾಯಲ್ಲಿ ಉಳಿಸಿದ ಕೀರ್ತಿಯ ಬಹುಭಾಗವು ಹೆಣ್ಣುಮಕ್ಕಳಿಗೆ ಸಲ್ಲತಕ್ಕದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ನಸುಕಿನಲ್ಲೆದ್ದು ಜೋಳ ಬೀಸುತ್ತಿದ್ದ ಗರತಿಯರು ತಾಯಿಯ ಮಮತೆ, ತವರಿನ ಹಂಬಲ, ಕೂಸಿನ ಆಟ, ಬಾಳಿನ ಬೇಗೆಗಳನ್ನು ಮೂರು ಸಾಲುಗಳಲ್ಲಿ ಹಾಡಿಕೊಂಡರು. ಕಲ್ಲು ತಿರುಗಿದಂತೆ ಪದವೂ ತಿರುಗಿತು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಸಂದಿತು. ಛಂದಶ್ಶಾಸ್ತ್ರದ ಹೆಸರನ್ನೇ ಕೇಳದ ನಾಲಗೆಗಳಲ್ಲಿ ಆ ಛಂದಸ್ಸು ಜೀವಂತವಾಗಿದ್ದಿತು.

ಆದರೆ ದುಡಿಮೆಯೊಡನೆ ಹುಟ್ಟಿದ ಹಾಡಿಗೆ ದುಡಿಮೆಯೇ ಆಯುಷ್ಯ. ಹಿಟ್ಟಿನ ಗಿರಣಿ ಬಂದಲ್ಲಿ ಹೆಂಗಳೆಯರ ರಟ್ಟೆಗೆ ವಿಶ್ರಾಂತಿ ಸಿಕ್ಕಿತು; ಅದು ಆಗಬೇಕಾದುದೇ. ಆದರೆ ಬೀಸುಕಲ್ಲಿನೊಡನೆ ಪದವೂ ಮೂಲೆಗೆ ಸರಿಯಿತು. ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಈ ಪದಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು.

ಜಪಾನಿನಲ್ಲಿ ಎಂಟನೆಯ ಶತಮಾನದಲ್ಲಿ ಅಧಿಕಾರಿಯೊಬ್ಬನು ಮಾಡಿದ ಕಾರ್ಯವನ್ನು ಇಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಹಳ್ಳಿಯ ಗೆಳೆಯರು ಮಾಡಿದರು. ಅಲ್ಲಿಯ ಭಟನ ಹೆಸರಾದರೂ ಹಲವೆಡೆ ಪದ್ಯದೊಡನೆ ಉಳಿದಿದೆ. ಇಲ್ಲಿಯ ಗರತಿಗೆ ಅದೂ ಇಲ್ಲ. ಆದರೂ ಬಾದಾಮಿಯ ಬಂಡೆಯ ಅಕ್ಷರಗಳಿಗೆ ಸಾವಿರದ ಇನ್ನೂರು ವರ್ಷಗಳ ಕಾಲ ಉಸಿರು ಕೊಟ್ಟವರಲ್ಲಿ ಅವಳೂ ಒಬ್ಬಳು. ಕನ್ನಡ ಕಾವ್ಯದ ಇತಿಹಾಸವನ್ನು ಬರೆಯುವವರು ಕವಿಗಳ ಸಾಲಿನಲ್ಲಿ ಅವಳಿಗೂ ಸ್ಥಾನವನ್ನು ಕೊಡುವುದು ನ್ಯಾಯ.