ಹಬ್ಬದ ಮನೆಯಲ್ಲಿ ಪುಟ್ಟ ಕೈಗಳಿಗೊಂದು ಕೆಲಸ

ಸಂಕ್ರಾಂತಿಯ ಎಳ್ಳು-ಬೆಲ್ಲ ಈಗ ಸಿದ್ಧ ಪೊಟ್ಟಣದಲ್ಲಿ ದೊರೆಯುತ್ತದೆ. ಯುಗಾದಿಯ ಹೋಳಿಗೆ ಬಡಾವಣೆಯ ಅಂಗಡಿಯಿಂದ ಬರುತ್ತದೆ. ಮಾವಿನ ತೋರಣ ಪ್ಲಾಸ್ಟಿಕ್ಕಿನದಾಗಿ ವರ್ಷವಿಡೀ ಬಾಗಿಲಲ್ಲೇ ತೂಗುತ್ತಿರುತ್ತದೆ. ನಗರದ ಬಿಡುವಿಲ್ಲದ ಬದುಕಿನಲ್ಲಿ ಇವೆಲ್ಲ ಅನಿವಾರ್ಯವೇ ಇರಬಹುದು. ಆದರೆ ಈ ಅನುಕೂಲಗಳಿಂದಾಗಿ ಹಬ್ಬದ ಮನೆಯಲ್ಲಿ ಕೆಲಸ ಕಳೆದುಕೊಂಡವರು ಯಾರೆಂದು ವಿಚಾರಿಸಿದರೆ, ಎರಡರಿಂದ ಏಳು ವರ್ಷದ ಮಕ್ಕಳೆಂಬ ಉತ್ತರ ದೊರೆಯುತ್ತದೆ. ಹೊಸ ಬಟ್ಟೆ ತೊಟ್ಟು, ಮೊಬೈಲ್ ಕ್ಯಾಮೆರಾದ ಮುಂದೆ ನಿಂತು, ಬಳಿಕ ಟಿ.ವಿ. ಎದುರು ಕೂರುವಲ್ಲಿಗೆ ಅವರ ಹಬ್ಬ ಮುಗಿಯುತ್ತದೆ.

ನಾಡಿನ ಹಬ್ಬಗಳನ್ನು ಒಂದೊಂದಾಗಿ ಗಮನಿಸಿದರೆ, ಬಹುಪಾಲು ಹಬ್ಬಗಳಲ್ಲಿ ಪುಟ್ಟ ಮಕ್ಕಳ ಕೈಗೆ ಎಟುಕುವ ಕೆಲಸವೊಂದನ್ನು ಹಿರಿಯರು ಮೀಸಲಿಟ್ಟಿರುವುದು ಕಂಡುಬರುತ್ತದೆ. ಆ ಕೆಲಸವನ್ನು ಮಕ್ಕಳಿಗೆ ಮರಳಿಸಿದರೆ ಸಾಕು, ಹಬ್ಬದ ಅರ್ಥವನ್ನು ಪ್ರತ್ಯೇಕವಾಗಿ ಬೋಧಿಸಬೇಕಾದ ಅಗತ್ಯ ಅಷ್ಟಾಗಿ ಬೀಳದು. ಜೊತೆಗೆ, ಹಬ್ಬದ ಗಡಿಬಿಡಿಯಲ್ಲಿ ಪುಟ್ಟ ಮಕ್ಕಳಿಗೆ ಒದಗಬಹುದಾದ ಅಪಾಯಗಳನ್ನೂ ಪೋಷಕರು ಅರಿತಿರಬೇಕು. ವರ್ಷದ ಮುಖ್ಯ ಹಬ್ಬಗಳ ಕ್ರಮದಲ್ಲಿ ಈ ಎರಡೂ ವಿಷಯಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಸಂಕ್ರಾಂತಿ: ಬೆರೆಸುವ, ಬೀರುವ ಹಬ್ಬ

ಜನವರಿ 14 ಅಥವಾ 15ರಂದು ಬರುವ ಮಕರ ಸಂಕ್ರಾಂತಿ, ಹಳೆ ಮೈಸೂರು ಪ್ರಾಂತ್ಯದಲ್ಲಿ ಮಕ್ಕಳ ಹಬ್ಬವೆಂದೇ ಹೇಳಬಹುದು. ಬಿಳಿ ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಸಣ್ಣಗೆ ಹೆಚ್ಚಿದ ಕೊಬ್ಬರಿ ಮತ್ತು ಬೆಲ್ಲ ಸೇರಿದರೆ ಎಳ್ಳು-ಬೆಲ್ಲ. ಹೆಚ್ಚುವುದು, ಹುರಿಯುವುದು ದೊಡ್ಡವರ ಪಾಲಿನದು. ಬೆರೆಸುವುದು, ಸಕ್ಕರೆ ಅಚ್ಚುಗಳನ್ನು ಎಣಿಸಿ ತಟ್ಟೆಗೆ ಜೋಡಿಸುವುದು, ಸಂಜೆ ನೆರೆಮನೆಗಳಿಗೆ ಹೋಗಿ ಎಳ್ಳು ಬೀರಿ ಬರುವುದು ಮಕ್ಕಳ ಪಾಲಿನದು. ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವವರು ತಮ್ಮ ಅಂತಸ್ತಿನ ನಾಲ್ಕು ಮನೆಗಳಿಗೆ ಮಗುವನ್ನು ಕರೆದೊಯ್ದರೂ ಸಾಕು. ಅನ್ಯರ ಮನೆಯ ಬಾಗಿಲು ತಟ್ಟಿ, ಕೈಯಾರೆ ಕೊಟ್ಟು, ಎರಡು ಒಳ್ಳೆಯ ಮಾತನಾಡಿ ಬರುವ ಅಭ್ಯಾಸ ಇಲ್ಲಿಂದಲೇ ಮೊದಲಾಗುತ್ತದೆ.

ಐದು ವರ್ಷದೊಳಗಿನ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ತಲೆಯ ಮೇಲಿಂದ ಎರೆದು ಆರತಿ ಎತ್ತುವ ಪದ್ಧತಿಯೂ ಅನೇಕ ಮನೆಗಳಲ್ಲಿದೆ.

ಇಲ್ಲಿ ಒಂದು ಎಚ್ಚರ ಅತ್ಯಗತ್ಯ. ಪುಟ್ಟ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯಬೇಕಾಗಿ ಬರುವ ವಸ್ತುಗಳಲ್ಲಿ ಕಡಲೆಕಾಯಿ ಬೀಜ ಬಹು ಸಾಮಾನ್ಯವಾದುದು. ದವಡೆ ಹಲ್ಲುಗಳು ಪೂರ್ತಿ ಬಾರದ ಮಗು ಬೀಜವನ್ನು ನುರಿಸಲಾರದು. ನಗುವಾಗ, ಓಡುವಾಗ ಅದು ಉಸಿರಿನ ದಾರಿಗೆ ಜಾರುತ್ತದೆ. ಆದ್ದರಿಂದ ಐದು ವರ್ಷದೊಳಗಿನವರಿಗೆ ಎಳ್ಳು-ಬೆಲ್ಲವನ್ನು ಪುಡಿ ಮಾಡಿಯೇ ಕೊಡಬೇಕು. ಎಲಚಿ ಹಣ್ಣಿನ ಬೀಜ ತೆಗೆದಿರಬೇಕು. ಎರೆದ ಕಾಸುಗಳನ್ನು ಮೊದಲೇ ಎಣಿಸಿಟ್ಟುಕೊಂಡು, ಆರತಿ ಮುಗಿದ ಕೂಡಲೇ ಅಷ್ಟನ್ನೂ ಆರಿಸಿಕೊಳ್ಳಬೇಕು.

ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಬಾಯೊಳಗೆ ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಬಾರದು. ಉಸಿರಾಡಲಾಗದೆ ಹೋದರೆ ಮುಂದಕ್ಕೆ ಬಾಗಿಸಿ ಹೆಗಲಮೂಳೆಗಳ ನಡುವೆ ಅಂಗೈ ಬುಡದಿಂದ ಬಲವಾಗಿ ಐದು ಬಾರಿ ತಟ್ಟಬೇಕು; ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಆ ಕ್ಷಣಕ್ಕೆ ಸರಿಹೋದಂತೆ ಕಂಡರೂ ಬಳಿಕ ಕೆಮ್ಮು ಅಥವಾ ಉಬ್ಬಸದ ಸದ್ದು ಉಳಿದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಯುಗಾದಿ: ಕಹಿಯನ್ನೂ ರುಚಿ ನೋಡುವ ದಿನ

ಚೈತ್ರ ಶುದ್ಧ ಪಾಡ್ಯದಂದು ಚಾಂದ್ರಮಾನ ಯುಗಾದಿ. ಮಾವಿನ ಎಲೆಗಳನ್ನು ಒರೆಸಿ ಎಣಿಸಿಕೊಡುವುದು, ಬೇವಿನ ಹೂವನ್ನು ತೊಟ್ಟಿನಿಂದ ಬಿಡಿಸುವುದು ಮೂರು ವರ್ಷದ ಮಗುವೂ ಮಾಡಬಲ್ಲ ಕೆಲಸ. ಬೇವು-ಬೆಲ್ಲವನ್ನು ಮನೆಯವರಿಗೆಲ್ಲ ಹಂಚುವ ಬಟ್ಟಲನ್ನು ಮಗುವಿನ ಕೈಗೇ ಕೊಡಿ. ಮುಖ ಕಿವುಚಿದರೆ ಗದರಬಾರದು. ಬದುಕಿನಲ್ಲಿ ಸಿಹಿಕಹಿ ಎರಡೂ ಇವೆಯೆಂಬ ಮಾತು ಆ ವಯಸ್ಸಿಗೆ ದೊಡ್ಡದಾಯಿತು. ಕಹಿ ತಿಂದ ಮೇಲೆ ಬೆಲ್ಲ ಎಷ್ಟು ಸಿಹಿಯೆಂಬುದನ್ನು ನಾಲಗೆ ತಾನಾಗಿ ಕಲಿಯುತ್ತದೆ.

ಮರುದಿನ ಸಂಜೆ ಸೂರ್ಯ ಮುಳುಗಿದ ಬಳಿಕ ಪಶ್ಚಿಮದ ಬಾನಿನಲ್ಲಿ ಬಿದಿಗೆಯ ಎಳೆಚಂದ್ರನನ್ನು ಹುಡುಕಲು ಮಹಡಿಗೆ ಕರೆದೊಯ್ಯಿರಿ. ಮಕ್ಕಳ ಕಣ್ಣಿಗೇ ಅದು ಮೊದಲು ಬೀಳುವುದುಂಟು. ತುಳುನಾಡಿನಲ್ಲಿ ಏಪ್ರಿಲ್ ನಡುವಿನಲ್ಲಿ ಸೌರಮಾನ ಯುಗಾದಿಯಾದ ಬಿಸು ಬರುತ್ತದೆ. ಹಣ್ಣು, ತರಕಾರಿ, ಕನ್ನಡಿಗಳನ್ನು ಇರಿಸಿ ಮುಂಜಾನೆ ಕಣ್ಣು ಬಿಡುತ್ತಲೇ ನೋಡುವ ಕಣಿಯನ್ನು ಹಿಂದಿನ ರಾತ್ರಿ ಜೋಡಿಸುವಾಗ ಮಕ್ಕಳನ್ನೂ ಸೇರಿಸಿಕೊಳ್ಳಬಹುದು.

ಮುಂಗಾರಿನ ಮಣ್ಣು, ಶ್ರಾವಣದ ಜೋಕಾಲಿ

ಉತ್ತರ ಕರ್ನಾಟಕದಲ್ಲಿ ಮುಂಗಾರು ಬಿದ್ದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಹಸಿಮಣ್ಣಿನಿಂದ ಜೋಡಿ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಬಳಿಕ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡುತ್ತಾರೆ. ನಗರದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹಬ್ಬ ದೊರೆಯದು. ಒಂದು ಬೊಗಸೆ ಜೇಡಿಮಣ್ಣು, ಹಳೆಯ ಪತ್ರಿಕೆಯ ಹಾಳೆ, ಕೈತೊಳೆಯಲು ಬಕೆಟ್ಟಿನ ನೀರು ಇಷ್ಟಿದ್ದರೆ ಸಾಕು. ಎತ್ತಿಗೆ ಮೂರೇ ಕಾಲಾದರೂ ಅದನ್ನೇ ದೇವರ ಮುಂದೆ ಇರಿಸಬೇಕು. ಅಂಗಡಿಯಿಂದ ತಂದ ಚೆಂದದ ಜೋಡಿಯನ್ನು ಅದರ ಪಕ್ಕದಲ್ಲಿಟ್ಟರೆ ಮಗುವಿನ ಉತ್ಸಾಹ ಅಲ್ಲಿಗೇ ಕುಗ್ಗುತ್ತದೆ.

ಶ್ರಾವಣದ ನಾಗರ ಪಂಚಮಿಯೆಂದರೆ ಉಂಡೆ ಮತ್ತು ಜೋಕಾಲಿ. ಉಂಡೆ ಕಟ್ಟುವ ಕೊನೆಯ ಹಿಡಿ ಹಿಟ್ಟನ್ನು ಮಕ್ಕಳಿಗೆ ಬಿಡುವುದು ಅನೇಕ ಮನೆಗಳ ರೂಢಿ. ಜೋಕಾಲಿಯ ಹಗ್ಗವನ್ನು ದೊಡ್ಡವರೊಬ್ಬರು ಮೊದಲು ಕುಳಿತು ಪರೀಕ್ಷಿಸಬೇಕು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲವೆಂಬುದನ್ನೂ, ಬುಟ್ಟಿಯಲ್ಲಿ ಹಾವು ಹಿಡಿದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂಬುದನ್ನೂ ತಿಳಿಸಲು ಇದು ತಕ್ಕ ದಿನ.

ಕೃಷ್ಣ ಜನ್ಮಾಷ್ಟಮಿಯಲ್ಲಿ ಮಗುವಿಗೆ ಕಿರೀಟ, ಕೊಳಲು ತೊಡಿಸಿ ಛಾಯಾಚಿತ್ರ ತೆಗೆಸುವ ಉಮೇದು ಎಲ್ಲೆಡೆ ಕಾಣುತ್ತದೆ. ಬಿಗಿಯಾದ ವೇಷದಲ್ಲಿ ಅಳುವ ಮಗುವಿಗೆ ಅದರಿಂದ ಸಂತೋಷವಿಲ್ಲ. ಅಕ್ಕಿಹಿಟ್ಟು ಕಲಸಿದ ನೀರಿನಲ್ಲಿ ಮಗುವಿನ ಪಾದವನ್ನೇ ಅದ್ದಿ, ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಹೆಜ್ಜೆಗಳನ್ನು ಮೂಡಿಸಿ ನೋಡಿ. ಆ ಹೆಜ್ಜೆಗಳು ತನ್ನವೇ ಎಂದು ಬಂದವರಿಗೆಲ್ಲ ಮಗು ತೋರಿಸುತ್ತದೆ. ನೆಲ ಜಾರುವುದರಿಂದ ಕೈ ಹಿಡಿದೇ ನಡೆಸಬೇಕು.

ಗಣೇಶ ಚೌತಿ: ಬೀಳ್ಕೊಡುವುದನ್ನು ಕಲಿಸುವ ಹಬ್ಬ

ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ನೀರಿನಲ್ಲಿ ಸುಲಭವಾಗಿ ಕರಗದು; ಅದರ ರಾಸಾಯನಿಕ ಬಣ್ಣ ಕೆರೆಯ ನೀರನ್ನು ಕೆಡಿಸುತ್ತದೆ. ಮೂರ್ತಿ ವಿಸರ್ಜನೆಯ ಬಗ್ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು 2020ರಲ್ಲಿ ಪರಿಷ್ಕರಿಸಿ, ಇಂಥ ಮೂರ್ತಿಗಳಿಗೆ ನಿಷೇಧ ಸೂಚಿಸಿತು. ಬಣ್ಣವಿಲ್ಲದ ಅಂಗೈಯಗಲದ ಮಣ್ಣಿನ ಗಣಪನನ್ನು ಮನೆಯಲ್ಲೇ ಮಾಡಿದರೆ, ಬಕೆಟ್ಟಿನಲ್ಲಿ ಕರಗಿಸಿ ಆ ಮಣ್ಣನ್ನು ತುಳಸಿಯ ಕುಂಡಕ್ಕೆ ಹಾಕಬಹುದು.

ಕಷ್ಟವಿರುವುದು ವಿಸರ್ಜನೆಯ ಗಳಿಗೆಯಲ್ಲಿ. ತಾನು ಮಾಡಿದ ಗಣಪ ನೀರಿಗಿಳಿಯುವಾಗ ಅಳದ ಮಕ್ಕಳು ಕಡಿಮೆ. "ನಾಳೆ ಗಣಪ ಊರಿಗೆ ಹೋಗುತ್ತಾನೆ, ದಾರಿಗೆ ಬುತ್ತಿ ಕಟ್ಟೋಣ" ಎಂದು ಹಿಂದಿನ ದಿನವೇ ಹೇಳಿ ಮನಸ್ಸನ್ನು ಸಿದ್ಧಗೊಳಿಸಬೇಕು. ಅತ್ತರೆ ನಗೆಯಾಡದೆ ಎತ್ತಿಕೊಳ್ಳಬೇಕು. ಪ್ರೀತಿಸಿದ್ದನ್ನು ಕಳುಹಿಸಿಕೊಡುವ ಮೊದಲ ಅನುಭವ ಅನೇಕ ಮಕ್ಕಳಿಗೆ ಆಗುವುದು ಈ ಹಬ್ಬದಲ್ಲೇ.

ಕೆರೆ, ಕಲ್ಯಾಣಿಗಳಿಗೆ ಹೋಗುವುದಾದರೆ ಮಗುವನ್ನು ನೀರಿನ ಅಂಚಿಗೆ ಬಿಡಬಾರದು. ಮನೆಯ ಬಕೆಟ್ಟಿನ ನೀರನ್ನೂ ಹಾಗೆಯೇ ಬಿಟ್ಟುಹೋಗುವುದು ತರವಲ್ಲ. ತೆವಳುವ ಮಗುವಿಗೆ ಗೇಣು ನೀರೂ ಪ್ರಾಣಾಪಾಯವೇ.

ದಸರಾ: ಗೊಂಬೆ, ರಾಗಿ ಪೈರು, ಬನ್ನಿ

ಮೈಸೂರು, ಬೆಂಗಳೂರು ಸೀಮೆಯಲ್ಲಿ ನವರಾತ್ರಿಗೆ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿರಿಸಿ ಗೊಂಬೆ ಕೂರಿಸುತ್ತಾರೆ. ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿಗೆ ಗೊಂಬೆ ಬಾಗಿನವೆಂದೇ ಹೆಸರು. ಮುಟ್ಟಬೇಡ ಎಂಬ ಗದರಿಕೆಯನ್ನೇ ಒಂಬತ್ತು ದಿನ ಕೇಳುವ ಮಗುವಿಗೆ ಗೊಂಬೆಯ ಮೇಲೆ ಒಲವು ಮೂಡುವುದಾದರೂ ಹೇಗೆ? ಕೆಳಗಿನ ಮೆಟ್ಟಿಲು ಅಥವಾ ಪಕ್ಕದ ನೆಲವನ್ನು ಮಗುವಿಗೇ ಬಿಟ್ಟುಕೊಡಿ. ಹಬ್ಬಕ್ಕೆ ಒಂದು ವಾರ ಮುಂಚೆ ತಟ್ಟೆಯ ಮಣ್ಣಿನಲ್ಲಿ ರಾಗಿ ಚೆಲ್ಲಿ ದಿನವೂ ನೀರು ಚಿಮುಕಿಸಿದರೆ ಹಸಿರು ಉದ್ಯಾನ ಸಿದ್ಧವಾಗುತ್ತದೆ. ಅಲ್ಲಿ ಮಗುವಿನ ಆಟಿಕೆ ಕಾರಿಗೂ ಜಾಗವಿರಲಿ. ಭೌಗೋಳಿಕ ಸೂಚ್ಯಂಕ ಪಡೆದಿರುವ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳು ಬಿದ್ದರೆ ಒಡೆಯುವುದಿಲ್ಲವಾದ್ದರಿಂದ ಪುಟ್ಟ ಕೈಗಳಿಗೆ ತಕ್ಕವು.

ಆಯುಧ ಪೂಜೆಯಂದು ಮೂರು ಗಾಲಿಯ ಸೈಕಲ್ಲಿಗೂ ಕುಂಕುಮವಿರಲಿ. ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು ಹಿರಿಯರಿಗೆ ನಮಸ್ಕರಿಸುವ ಪದ್ಧತಿಯನ್ನು ಅಪಾರ್ಟ್‌ಮೆಂಟಿನ ಕಾವಲುಗಾರ, ಮನೆಗೆಲಸದಾಕೆಯವರೆಗೂ ವಿಸ್ತರಿಸಿದರೆ ಮಗು ಕಲಿಯುವುದು ಹೆಚ್ಚು. ಜಂಬೂ ಸವಾರಿಯಂಥ ಜನಸಂದಣಿಗೆ ಹೋಗುವಾಗ ಪೋಷಕರ ದೂರವಾಣಿ ಸಂಖ್ಯೆ ಬರೆದ ಚೀಟಿ ಮಗುವಿನ ಜೇಬಿನಲ್ಲಿರಬೇಕು.

ದೀಪಾವಳಿ: ಬೆಳಕಿನ ಜೊತೆ ಬೆಂಕಿ

ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಸಣ್ಣ ಚೆಂಬಿನಲ್ಲಿ ನೀರು ತಂದು ಹಂಡೆಗೆ ಸುರಿಯುವುದು, ಹತ್ತಿಯ ಬತ್ತಿ ಹೊಸೆಯುವುದು, ಹಚ್ಚುವ ಮುನ್ನ ಹಣತೆಗೆ ಎಣ್ಣೆ ಎರೆಯುವುದು ಮಕ್ಕಳ ಕೆಲಸ. ಹಚ್ಚುವುದು ಮಾತ್ರ ದೊಡ್ಡವರದು.

ನಿರಪಾಯವೆಂದು ಮಕ್ಕಳ ಕೈಗೆ ಕೊಡುವ ಸುರುಸುರುಬತ್ತಿ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಶಾಖದಲ್ಲಿ ಉರಿಯುತ್ತದೆ. ಆರಿದ ಬಳಿಕವೂ ಅದರ ತಂತಿ ಕೆಲ ಹೊತ್ತು ಸುಡುತ್ತಿರುತ್ತದೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ದೀಪಾವಳಿಯ ದಿನಗಳಲ್ಲಿ ಬರುವ ಗಾಯಾಳುಗಳಲ್ಲಿ ಪಟಾಕಿ ಹಚ್ಚದೆ ದೂರ ನಿಂತು ನೋಡುತ್ತಿದ್ದ ಮಕ್ಕಳೂ ಇರುತ್ತಾರೆ. ಹಸಿರು ಪಟಾಕಿಗಳಿಗೆ ಮಾತ್ರ ಅವಕಾಶವಿತ್ತು, ದೀಪಾವಳಿಯಂದು ರಾತ್ರಿ ಎರಡು ಗಂಟೆಗಳ ಅವಧಿ ಗೊತ್ತುಪಡಿಸಿ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿದೆ. ಐದು ವರ್ಷದೊಳಗಿನವರಿಗೆ ಪಟಾಕಿ ಬೇಡವೇ ಬೇಡವೆಂಬುದು ಮನೆಯ ನಿಯಮವಾಗಲಿ.

ಸುಟ್ಟ ಗಾಯಕ್ಕೆ ತಕ್ಷಣವೇ ನಲ್ಲಿಯ ತಣ್ಣೀರನ್ನು 20 ನಿಮಿಷ ಹರಿಸಬೇಕು. ಟೂತ್‌ಪೇಸ್ಟ್, ತುಪ್ಪ, ಶಾಯಿ, ಮಂಜುಗಡ್ಡೆ ಸಲ್ಲದು. ಕಣ್ಣಿಗೆ ಪೆಟ್ಟಾದರೆ ಉಜ್ಜದೆ, ಮನೆಮದ್ದು ಹಾಕದೆ ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಮೊಂತಿ ಫೆಸ್ಟ್, ರಂಜಾನ್, ಕ್ರಿಸ್‌ಮಸ್

ಮಕ್ಕಳಿಗೆ ಕೆಲಸ ಮೀಸಲಿಡುವ ಈ ಜಾಣ್ಮೆ ಎಲ್ಲ ಸಮುದಾಯಗಳಲ್ಲೂ ಇದೆ. ಕರಾವಳಿಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಫೆಸ್ಟ್‌ಗೆ ಮುನ್ನ ಒಂಬತ್ತು ದಿನ ಮಕ್ಕಳು ಹೂ ಕಿತ್ತು ತಂದು ಬಾಲ ಮೇರಿಗೆ ಅರ್ಪಿಸುತ್ತಾರೆ; ಹಬ್ಬದಂದು ಹೊಸ ತೆನೆಗೆ ಆಶೀರ್ವಾದವಾಗುತ್ತದೆ. ಕ್ರಿಸ್‌ಮಸ್ ಗೋದಲಿಯಲ್ಲಿ ಕುರಿ, ಕುರುಬರನ್ನು ಜೋಡಿಸುವುದು ಮಕ್ಕಳಿಗೆ ಪ್ರಿಯ. ರಂಜಾನ್ ಮಾಸದಲ್ಲಿ ಪುಟ್ಟ ಮಕ್ಕಳಿಗೆ ಉಪವಾಸದ ಕಡ್ಡಾಯವಿಲ್ಲ. ಇಫ್ತಾರಿನ ತಟ್ಟೆಯನ್ನು ನೆರೆಮನೆಗೆ ಒಯ್ಯುವ, ಹಬ್ಬದ ಬೆಳಿಗ್ಗೆ ಹಿರಿಯರಿಂದ ಈದಿ ಪಡೆಯುವ ಸಂಭ್ರಮವಿದೆ. ನೆರೆಯವರ ಹಬ್ಬಕ್ಕೆ ಮಗುವನ್ನು ಕರೆದೊಯ್ಯುವುದೂ ಹಬ್ಬದ ಪಾಠವೇ.

ವರ್ಷವಿಡೀ ನೆನಪಿಡಬೇಕಾದವು

* ಕರ್ಪೂರ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಅಲ್ಪ ಪ್ರಮಾಣದಲ್ಲಿ ನುಂಗಿದರೂ ಮಗುವಿಗೆ ಫಿಟ್ಸ್ ಬರಬಹುದು. ಕೈಗೆಟುಕದ ಎತ್ತರದಲ್ಲಿಡಿ. ನುಂಗಿದರೆ ವಾಂತಿ ಮಾಡಿಸಲು ಯತ್ನಿಸದೆ ಆಸ್ಪತ್ರೆಗೆ ಒಯ್ಯಿರಿ.
* ಒಂದು ವರ್ಷ ತುಂಬದ ಮಗುವಿಗೆ ಜೇನು ಸಲ್ಲದು. ಪಂಚಾಮೃತದಲ್ಲಿ ಜೇನಿರುವುದರಿಂದ ತೀರ್ಥ ಕೊಡುವಾಗ ಎಚ್ಚರವಿರಲಿ.
* ದೀಪದೆಣ್ಣೆ, ಸೀಮೆಎಣ್ಣೆಗಳನ್ನು ನೀರಿನ ಬಾಟಲಿಗಳಲ್ಲಿ ತುಂಬಿಡಬೇಡಿ.
* ಹಬ್ಬದ ದಿನವೂ ಮಗುವಿನ ಊಟ, ನಿದ್ದೆಯ ವೇಳೆ ತಪ್ಪದಿರಲಿ. ಪೂಜೆ ಮುಗಿಯುವವರೆಗೆ ಹಸಿದ ಮಗುವನ್ನು ಕಾಯಿಸುವುದು ಯುಕ್ತವಲ್ಲ.
* ಅಪರಿಚಿತ ನೆಂಟರನ್ನು ಅಪ್ಪಿಕೊಳ್ಳಲು ಒತ್ತಾಯಿಸಬೇಡಿ. ಕೈಮುಗಿದರೆ ಸಾಕು.

ಒಂದೇ ವರ್ಷದಲ್ಲಿ ಇವೆಲ್ಲವನ್ನೂ ಮಾಡಬೇಕೆಂದಿಲ್ಲ. ಮುಂದೆ ಬರಲಿರುವ ಹಬ್ಬವೊಂದನ್ನು ಆರಿಸಿಕೊಂಡು, ಅದರಲ್ಲಿ ಒಂದು ಕೆಲಸವನ್ನು ಮಗುವಿಗೆ ವಹಿಸಿ, ಪ್ರತಿ ವರ್ಷವೂ ಅದನ್ನು ಅದರ ಹಕ್ಕೆಂಬಂತೆ ಉಳಿಸಿಕೊಡಿ. ಹೋಳಿಗೆ ಅಂಗಡಿಯದೇ ಆಗಿರಲಿ, ತೋರಣದ ಎಲೆ ಎಣಿಸಿದ ಕೈ ಮನೆಯ ಮಗುವಿನದಾಗಿರಲಿ. ಅಜ್ಜ-ಅಜ್ಜಿಯರು ಇದ್ದ ಮನೆಗಳಲ್ಲಿ ಅವರ ಬಾಲ್ಯದಲ್ಲಿ ಆ ಹಬ್ಬದಂದು ಅವರ ಪಾಲಿಗೆ ಯಾವ ಕೆಲಸವಿತ್ತೆಂದು ಕೇಳಿ ಬರೆದಿಟ್ಟುಕೊಳ್ಳಿ. ಆ ಕೆಲಸ ಮೊಮ್ಮಗುವಿಗೆ ದಾಟುವುದು ಅವರು ಜೊತೆಗಿರುವಾಗಲೇ ಸುಲಭ.