ಎರಡು ಪಾಯಿಂಟ್‌ಗಳ ಹೊಸ್ತಿಲು

2017ರ ಜುಲೈ ಕೊನೆಯ ವಾರ ಬೆಂಗಳೂರಿನಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಟೂರ್ನಿ ನಡೆಯಿತು. ಆ ಟೂರ್ನಿ ಎರಡು ಅಂತಸ್ತಿನ ಮನೆಯಂತಿತ್ತು. ಮೇಲಿನ ಅಂತಸ್ತು ‘ಎ’ ಡಿವಿಷನ್. ಅಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರಿಗೆ ಮರುವರ್ಷ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ನಡೆಯಲಿದ್ದ ವಿಶ್ವಕಪ್‌ಗೆ ನೇರ ಪ್ರವೇಶ. ಕೆಳಗಿನ ಅಂತಸ್ತು ‘ಬಿ’ ಡಿವಿಷನ್. ಅಲ್ಲಿ ಗೆದ್ದವರಿಗೆ ಸಿಗುತ್ತಿದ್ದದ್ದು ಮುಂದಿನ ಸಲ ಮೇಲಿನ ಅಂತಸ್ತಿನಲ್ಲಿ ಆಡುವ ಹಕ್ಕು, ಅಷ್ಟೆ. ಆತಿಥೇಯ ಭಾರತ ಇದ್ದದ್ದು ಕೆಳಗೆ.

ಮೇಲಿನ ಫೈನಲ್‌ನಲ್ಲಿ ಜಪಾನ್ 74–73ರಿಂದ ಆಸ್ಟ್ರೇಲಿಯಾವನ್ನು ಸೋಲಿಸಿತು. ಕೆಳಗಿನ ಫೈನಲ್‌ನಲ್ಲಿ ಭಾರತ 75–73ರಿಂದ ಕಜಕಸ್ತಾನವನ್ನು ಸೋಲಿಸಿತು. ಒಂದು ಕಡೆ ಒಂದು ಪಾಯಿಂಟ್, ಇನ್ನೊಂದು ಕಡೆ ಎರಡು. ಒಂದೇ ಊರಿನಲ್ಲಿ, ಒಂದೇ ಟೂರ್ನಿಯಲ್ಲಿ ಕೂದಲೆಳೆಯ ಅಂತರದಿಂದ ಗೆದ್ದ ಈ ಎರಡು ತಂಡಗಳು ಮುಂದಿನ ನಾಲ್ಕು ವರ್ಷಗಳಲ್ಲಿ ಎಲ್ಲಿಗೆ ಹೋದವು ಎಂದು ನೋಡಿದರೆ, ಅರ್ಹತಾ ಟೂರ್ನಿ ಎಂಬ ವ್ಯವಸ್ಥೆ ಏನು ಕೊಡಬಲ್ಲದು, ಏನು ಕೊಡಲಾರದು ಎಂಬುದು ಸ್ಪಷ್ಟವಾಗುತ್ತದೆ.

ಅದೃಷ್ಟದ ಬಾಗಿಲು

ಭಾರತದ ಬ್ಯಾಸ್ಕೆಟ್‌ಬಾಲ್‌ಗೂ ಅರ್ಹತಾ ಸುತ್ತುಗಳಿಗೂ ಹಳೆಯ ನಂಟು. ಪುರುಷರ ಏಷ್ಯನ್ ಚಾಂಪಿಯನ್‌ಷಿಪ್ ಶುರುವಾದದ್ದು 1960ರಲ್ಲಿ, ಮನಿಲಾದಲ್ಲಿ. ಮಹಿಳೆಯರದು 1965ರಲ್ಲಿ, ಸೋಲ್‌ನಲ್ಲಿ. ಏಷ್ಯಾದ ಚಾಂಪಿಯನ್ ಯಾರು ಎಂದು ತೀರ್ಮಾನಿಸುವುದರ ಜೊತೆಗೆ ಒಲಿಂಪಿಕ್ಸ್‌ಗೆ, ವಿಶ್ವಕಪ್‌ಗೆ ಏಷ್ಯಾದಿಂದ ಯಾರು ಹೋಗಬೇಕು ಎಂದು ಆರಿಸುವ ಕೆಲಸವನ್ನೂ ಈ ಟೂರ್ನಿಗಳೇ ಬಹುಕಾಲ ಮಾಡಿದವು. ಹಾಗಾಗಿ ಇಲ್ಲಿ ಪಡೆದ ಸ್ಥಾನಕ್ಕೆ ಎರಡು ಬೆಲೆ: ಒಂದು ಖಂಡದೊಳಗಿನ ಮರ್ಯಾದೆ, ಇನ್ನೊಂದು ಹೊರಜಗತ್ತಿನ ಟಿಕೆಟ್.

ಪುರುಷರ ತಂಡ 1975ರಲ್ಲಿ ಬ್ಯಾಂಕಾಕ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಇಂದಿಗೂ ಅದೇ ಅದರ ಅತ್ಯುತ್ತಮ ಸಾಧನೆ. 1979ರಲ್ಲಿ ಜಪಾನ್‌ನ ನಗೋಯಾದಲ್ಲಿ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್ ಮೊದಲ ನಾಲ್ಕು ಸ್ಥಾನ ಪಡೆದವು. ಭಾರತ ಐದನೆಯದು. ಐದನೆಯವರಿಗೆ ಸಾಮಾನ್ಯವಾಗಿ ಸಿಗುವುದು ಚಪ್ಪಾಳೆ ಮಾತ್ರ. ಆದರೆ ಅಫ್ಗಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದನ್ನು ಪ್ರತಿಭಟಿಸಿ ಹಲವು ದೇಶಗಳು 1980ರ ಮಾಸ್ಕೋ ಒಲಿಂಪಿಕ್ಸನ್ನು ಬಹಿಷ್ಕರಿಸಿದಾಗ, ಭಾರತಕ್ಕಿಂತ ಮುಂದಿದ್ದ ಆ ನಾಲ್ಕೂ ದೇಶಗಳು ಹಿಂದೆ ಸರಿದವು. ಬಾಗಿಲು ತಾನಾಗಿ ತೆರೆಯಿತು. ಭಾರತ ಮಾಸ್ಕೋಗೆ ಹೋಯಿತು. 12 ತಂಡಗಳಲ್ಲಿ 12ನೆಯದಾಗಿ ಮರಳಿತು. ಸೋವಿಯತ್ ಒಕ್ಕೂಟದ ವಿರುದ್ಧ ಸ್ಕೋರು 65–121.

ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಭಾರತ ಕಾಣಿಸಿಕೊಂಡದ್ದು ಅದೊಂದೇ ಸಲ. ವಿಶ್ವಕಪ್‌ನಲ್ಲಿ ಪುರುಷರಾಗಲಿ ಮಹಿಳೆಯರಾಗಲಿ ಈವರೆಗೆ ಆಡಿಲ್ಲ. ಆದ್ದರಿಂದ ಭಾರತದ ಆಟಗಾರರಿಗೆ ಅರ್ಹತಾ ಟೂರ್ನಿಯೇ ಬಹುಮಟ್ಟಿಗೆ ಅವರ ವಿಶ್ವಕಪ್. ಬೇರೆ ದೇಶಗಳಿಗೆ ಮೆಟ್ಟಿಲಾದದ್ದು ಇಲ್ಲಿಯವರಿಗೆ ಊರಿನ ಗಡಿಯೇ ಆಗಿ ಉಳಿದಿದೆ.

ಎರಡು ಅಂತಸ್ತಿನ ಲೆಕ್ಕ

ಏಷ್ಯಾದ ಬ್ಯಾಸ್ಕೆಟ್‌ಬಾಲ್ ನಕ್ಷೆಯಲ್ಲಿ ಭಾರತ ಇರುವುದು ದಕ್ಷಿಣ ಏಷ್ಯಾ ಉಪವಲಯದಲ್ಲಿ. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಇಲ್ಲಿನ ನೆರೆಯವರು. ಪುರುಷರ ತಂಡ ಏಷ್ಯನ್ ಚಾಂಪಿಯನ್‌ಷಿಪ್ ತಲುಪಲು ಬಹುಕಾಲ ಈ ಉಪವಲಯದ ಟೂರ್ನಿಯನ್ನು ಗೆಲ್ಲಬೇಕಿತ್ತು. ಗೆಲ್ಲುವುದು ಭಾರತಕ್ಕೆ ಕಷ್ಟವಾಗಿರಲಿಲ್ಲ. ಆದರೆ ಸುಲಭವಾಗಿ ಗೆದ್ದು ಮೇಲೆ ಹೋದವರಿಗೆ ಅಲ್ಲಿ ಎದುರಾಗುತ್ತಿದ್ದದ್ದು ಚೀನಾ, ಇರಾನ್, ಕೊರಿಯಾ. ನಡುವೆ ಮೆಟ್ಟಿಲುಗಳೇ ಇಲ್ಲ. ಕೆರೆಯಲ್ಲಿ ಈಜು ಕಲಿತವರನ್ನು ನೇರ ಕಡಲಿಗೆ ಇಳಿಸಿದ ಹಾಗೆ.

ಹಾಗೆಂದು ಕಡಲಲ್ಲಿ ಒಮ್ಮೆಯೂ ಕೈಕಾಲು ಆಡಿಸಲಿಲ್ಲ ಎಂದಲ್ಲ. 2014ರ ಏಷ್ಯಾ ಕಪ್‌ನಲ್ಲಿ ವುಹಾನ್‌ನಲ್ಲೇ ಚೀನಾವನ್ನು ಭಾರತದ ಪುರುಷರು 65–58ರಿಂದ ಸೋಲಿಸಿದ್ದರು. ಆದರೆ ಅಂಥ ದಿನಗಳು ಬಿಡಿಬಿಡಿಯಾಗಿ ಬಂದವು, ಸಾಲಾಗಿ ಬರಲಿಲ್ಲ.

ಮಹಿಳೆಯರ ಟೂರ್ನಿಯಲ್ಲಿ ವ್ಯವಸ್ಥೆ ಬೇರೆ. ತಂಡಗಳನ್ನು ಬಲಕ್ಕೆ ತಕ್ಕಂತೆ ಎರಡು ಹಂತಗಳಲ್ಲಿ ಇಟ್ಟು, ಮೇಲಿನ ಹಂತದಲ್ಲಿ ಕೊನೆಗೆ ನಿಂತವರನ್ನು ಕೆಳಗಿಳಿಸಿ, ಕೆಳಗೆ ಗೆದ್ದವರನ್ನು ಮೇಲೇರಿಸುವ ಪದ್ಧತಿ. ಭಾರತದ ಮಹಿಳೆಯರು ವರ್ಷಗಟ್ಟಲೆ ಈ ಎರಡರ ನಡುವಿನ ಗೆರೆಯ ಮೇಲೆಯೇ ನಿಂತಿದ್ದರು. 2009ರಲ್ಲಿ ಚೆನ್ನೈ ಈ ಟೂರ್ನಿಯ ಆತಿಥ್ಯ ವಹಿಸಿತು. ಮರುವರ್ಷದ ವಿಶ್ವ ಚಾಂಪಿಯನ್‌ಷಿಪ್‌ಗೆ ಅಲ್ಲಿಂದ ಹೋದವು ಚೀನಾ, ಕೊರಿಯಾ, ಜಪಾನ್. 2013ರಲ್ಲಿ ಬ್ಯಾಂಕಾಕ್‌ನಲ್ಲಿ ಭಾರತ ಐದನೆಯ ಸ್ಥಾನ ಪಡೆಯಿತು, ಅದು ಮಹಿಳಾ ತಂಡದ ಅತ್ಯುತ್ತಮ ಸ್ಥಾನ. ಎರಡೇ ವರ್ಷಗಳಲ್ಲಿ, 2015ರ ವುಹಾನ್ ಟೂರ್ನಿಯ ನಂತರ, ತಂಡ ಕೆಳಗಿನ ಹಂತಕ್ಕೆ ಜಾರಿತು.

ಜಾರಿದ ಹೊತ್ತೂ ಕೆಟ್ಟದ್ದಾಗಿತ್ತು. 2017ರಿಂದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಏಷ್ಯಾದ ಟೂರ್ನಿಗಳಲ್ಲಿ ಆಡತೊಡಗಿದವು. ಅಲ್ಲಿಯವರೆಗೆ ಓಷಿಯಾನಿಯಾ ವಲಯದಲ್ಲಿ ತಮ್ಮ ಪಾಡಿಗೆ ತಾವಿದ್ದ ಈ ತಂಡಗಳು ಬಂದ ಮೇಲೆ ‘ಎ’ ಡಿವಿಷನ್ ಎಂಟು ತಂಡಗಳದಾಯಿತು. ವಿಶ್ವಕಪ್‌ಗಿದ್ದ ನಾಲ್ಕು ಟಿಕೆಟ್‌ಗಳಿಗೆ ಆಸ್ಟ್ರೇಲಿಯಾದಂಥ ತಂಡವೂ ಪೈಪೋಟಿಗೆ ನಿಂತಿತು.

ಕಂಠೀರವದ ಆ ವಾರ

ಬೆಂಗಳೂರಿಗೆ ಟೂರ್ನಿ ಬಂದದ್ದು ಆಕಸ್ಮಿಕವಲ್ಲ. ಬ್ಯಾಸ್ಕೆಟ್‌ಬಾಲ್ ಈ ಊರಿನಲ್ಲಿ ಬಡಾವಣೆಯ ಆಟ. ಬೀಗಲ್ಸ್, ಮೌಂಟ್ಸ್ ಮುಂತಾದ ಕ್ಲಬ್‌ಗಳು ತಲೆಮಾರುಗಳಿಂದ ಸಂಜೆಯ ಹೊತ್ತು ಕೋರ್ಟು ತುಂಬಿಸಿವೆ. ಕರ್ನಾಟಕ ರಾಜ್ಯ ಸಂಸ್ಥೆಯ ಅಧ್ಯಕ್ಷರಾಗಿದ್ದ ಕೆ. ಗೋವಿಂದರಾಜ್ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷರಾದ ಮೇಲೆ ಅಂತರರಾಷ್ಟ್ರೀಯ ಟೂರ್ನಿಗಳು ಒಂದರ ಹಿಂದೆ ಒಂದು ಇಲ್ಲಿಗೆ ಬಂದವು. 2017ರ ಅಕ್ಟೋಬರ್‌ನಲ್ಲಿ 16 ವರ್ಷದೊಳಗಿನ ಬಾಲಕಿಯರ ಏಷ್ಯನ್ ಚಾಂಪಿಯನ್‌ಷಿಪ್, 2018ರಲ್ಲಿ 18 ವರ್ಷದೊಳಗಿನವರದು, 2019ರಲ್ಲಿ ಮತ್ತೆ ಮಹಿಳೆಯರ ಏಷ್ಯಾ ಕಪ್, 2022ರಲ್ಲಿ ಮತ್ತೆ 18 ವರ್ಷದೊಳಗಿನವರದು. ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣ ಕೆಲವು ವರ್ಷ ಏಷ್ಯಾದ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಖಾಯಂ ವಿಳಾಸದಂತೆ ಆಗಿಬಿಟ್ಟಿತ್ತು.

2017ರ ತಂಡಕ್ಕೆ ಸರ್ಬಿಯಾದ ಜೋರಾನ್ ವಿಸಿಚ್ ಕೋಚ್. ತಂಡದಲ್ಲಿ ಚೆನ್ನೈನ ಅನಿತಾ ಪಾಲ್‌ದುರೈ ಇದ್ದರು. 2001ರ ಸುಮಾರಿಗೆ ಭಾರತಕ್ಕೆ ಆಡತೊಡಗಿ, ಮದುವೆ ಮಕ್ಕಳಾದ ಮೇಲೆಯೂ ಕೋರ್ಟಿಗೆ ಮರಳಿದವರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೇರಳದ ಪಿ.ಎಸ್. ಜೀನಾ, ಮಹಾರಾಷ್ಟ್ರದ ಶಿರೀನ್ ಲಿಮಯೆ, ಕರ್ನಾಟಕದ ಪಿ.ಯು. ನವನೀತಾ ಜೊತೆಗಿದ್ದರು. ಉಜ್ಬೇಕಿಸ್ತಾನ, ಲೆಬನಾನ್, ಸಿಂಗಪುರ, ಶ್ರೀಲಂಕಾ, ಫಿಜಿ ಮುಂತಾದವು ಇದ್ದ ಡಿವಿಷನ್ನಿನಲ್ಲಿ ಕೊನೆಗೆ ಭಾರತದ ಎದುರು ನಿಂತದ್ದು ಕಜಕಸ್ತಾನ.

‘ಬಿ’ ಡಿವಿಷನ್ನಿನಲ್ಲಿ ಎರಡನೆಯ ಸ್ಥಾನಕ್ಕೆ ಬೆಲೆಯಿಲ್ಲ. ಮೇಲೇರುವುದು ಒಂದೇ ತಂಡ. ಒಂದು ವಾರದ ಗೆಲುವುಗಳೆಲ್ಲ ಕೊನೆಯ ನಲವತ್ತು ನಿಮಿಷದ ಆಟದ ಮೇಲೆ ನಿಂತಿರುತ್ತವೆ. ಅಲ್ಲಿ ಸೋತರೆ ಮತ್ತೆ ಎರಡು ವರ್ಷ ಕಾಯಬೇಕು. 75–73 ಎಂಬ ಸ್ಕೋರಿಗೆ ಅಷ್ಟು ತೂಕ ಬಂದದ್ದು ಆ ಕಾರಣಕ್ಕೆ. ಕಜಕಸ್ತಾನದ ಒಂದು ಚೆಂಡು ಹೆಚ್ಚಿಗೆ ಬುಟ್ಟಿಗೆ ಬಿದ್ದಿದ್ದರೆ ಆಟ ಹೆಚ್ಚುವರಿ ಅವಧಿಗೆ ಹೋಗುತ್ತಿತ್ತು.

ಗೆದ್ದ ಮೇಲೆ

ಮೇಲಿನ ಅಂತಸ್ತಿನ ಕಥೆ ಮೊದಲು. ಬೆಂಗಳೂರಿನಿಂದ ಟೆನೆರಿಫ್‌ಗೆ ಟಿಕೆಟ್ ಪಡೆದವು ಜಪಾನ್, ಆಸ್ಟ್ರೇಲಿಯಾ, ಚೀನಾ, ಕೊರಿಯಾ. ಇಲ್ಲಿ ಒಂದು ಪಾಯಿಂಟ್‌ನಿಂದ ಸೋತ ಆಸ್ಟ್ರೇಲಿಯಾ ಮರುವರ್ಷ ವಿಶ್ವಕಪ್ ಫೈನಲ್ ತಲುಪಿ ಅಮೆರಿಕಕ್ಕೆ ಮಣಿಯಿತು. ಗೆದ್ದ ಜಪಾನ್ 2019ರಲ್ಲಿ ಅದೇ ಕಂಠೀರವದಲ್ಲಿ ಚೀನಾವನ್ನು 71–68ರಿಂದ ಸೋಲಿಸಿ ಸತತ ನಾಲ್ಕನೆಯ ಬಾರಿ ಏಷ್ಯಾ ಚಾಂಪಿಯನ್ ಆಯಿತು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ಎದುರು 75–90ರಿಂದ ಸೋತು ಬೆಳ್ಳಿ ಗೆದ್ದಿತು.

ಇನ್ನು ಕೆಳಗಿನಿಂದ ಹತ್ತಿ ಬಂದವರ ಕಥೆ. 2019ರಲ್ಲಿ ತವರಿನಲ್ಲೇ ‘ಎ’ ಡಿವಿಷನ್ ಆಡಿದ ಭಾರತ ಎಂಟನೆಯ, ಅಂದರೆ ಕೊನೆಯ ಸ್ಥಾನ ಪಡೆಯಿತು. ಆದರೂ ಜಾಗ ಉಳಿಯಿತು. 2021ರ ಸೆಪ್ಟೆಂಬರ್‌ನಲ್ಲಿ ಜೋರ್ಡಾನ್‌ನ ಅಮ್ಮಾನ್‌ನಲ್ಲಿ ಮತ್ತೆ ಆಡಿತು. ಒಲಿಂಪಿಕ್ಸ್ ಬೆಳ್ಳಿಯ ಬೆನ್ನಿಗೇ ಬಂದಿದ್ದ ಜಪಾನ್ ಅಲ್ಲಿ ಭಾರತವನ್ನು 136–46ರಿಂದ ಸೋಲಿಸಿತು. ಬೆಂಗಳೂರಿನಲ್ಲಿ ಒಂದೇ ವಾರ ಕಪ್ ಎತ್ತಿದ್ದ ಎರಡು ದೇಶಗಳ ನಡುವೆ ನಾಲ್ಕು ವರ್ಷಗಳ ನಂತರ ತೊಂಬತ್ತು ಪಾಯಿಂಟ್‌ಗಳ ಅಂತರ.

ಆದರೆ ಭಾರತದ ಪಾಲಿಗೆ ನಿಜವಾದ ಪಂದ್ಯ ಅದಾಗಿರಲಿಲ್ಲ. ಏಳನೆಯ ಸ್ಥಾನಕ್ಕಾಗಿ ಫಿಲಿಪ್ಪೀನ್ಸ್ ಜೊತೆ ಆಡಿದ ಕೊನೆಯ ಪಂದ್ಯವೇ ಮುಖ್ಯ. ಗೆದ್ದವರು ಉಳಿಯುತ್ತಾರೆ, ಸೋತವರು ಇಳಿಯುತ್ತಾರೆ. ಸ್ಕೋರು 70–74. ಎರಡು ಪಾಯಿಂಟ್‌ಗಳಿಂದ ಏರಿದ್ದ ತಂಡ ನಾಲ್ಕು ಪಾಯಿಂಟ್‌ಗಳಿಂದ ಇಳಿಯಿತು.

ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ತೊಂಬತ್ತು ಪಾಯಿಂಟ್‌ಗಳ ಸೋಲು ಪತ್ರಿಕೆಗಳಿಗೆ ಸುದ್ದಿ. ಅದರಿಂದ ಕಲಿಯಲು ಹೆಚ್ಚೇನಿಲ್ಲ. ನಾಲ್ಕು ಪಾಯಿಂಟ್‌ಗಳ ಸೋಲಿನಲ್ಲಿ ಕಲಿಯುವುದು ಬಹಳ ಇರುತ್ತದೆ. ಕೊನೆಯ ಎರಡು ನಿಮಿಷ ಚೆಂಡು ಯಾರ ಕೈಯಲ್ಲಿರಬೇಕು, ಯಾವಾಗ ಫೌಲ್ ಮಾಡಬೇಕು, ಯಾವಾಗ ಟೈಮ್‌ಔಟ್ ಕೇಳಬೇಕು ಎಂಬುದೆಲ್ಲ ಇಂಥ ಬಿಗಿಯಾದ ಪಂದ್ಯಗಳನ್ನು ಮತ್ತೆ ಮತ್ತೆ ಆಡಿದವರಿಗೆ ಮಾತ್ರ ಒಲಿಯುವ ವಿದ್ಯೆ. ಭಾರತದ ಮಹಿಳೆಯರಿಗೆ ಸಿಗದೆ ಹೋದದ್ದು ಇಂಥ ಪಂದ್ಯಗಳು. ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಅವರು ಸುಲಭವಾಗಿ ಚಿನ್ನ ಗೆಲ್ಲುತ್ತಾರೆ. 2019ರಲ್ಲಿ ಕಠ್ಮಂಡುವಿನಲ್ಲೂ ಗೆದ್ದರು. ಮೇಲಿನ ಹಂತದಲ್ಲಿ ಜಪಾನ್, ಚೀನಾ, ಆಸ್ಟ್ರೇಲಿಯಾ ಎದುರು ಹೀನಾಯವಾಗಿ ಸೋಲುತ್ತಾರೆ. ಸರಿಜೋಡಿಯ ಜೊತೆಗಿನ ಆಟ ಎರಡು ವರ್ಷಕ್ಕೊಮ್ಮೆ ಬರುವ ಒಂದೋ ಎರಡೋ ಪಂದ್ಯ. ಅದೇ ಪಂದ್ಯದ ಮೇಲೆ ಮುಂದಿನ ಎರಡು ವರ್ಷ ನಿಂತಿರುತ್ತದೆ.

ಟೂರ್ನಿಗಳ ನಡುವಿನ ದಿನಗಳು

ಜಪಾನ್‌ನಲ್ಲಿ ಮಹಿಳೆಯರಿಗೆ ಕಂಪನಿ ತಂಡಗಳ ಲೀಗ್ ಇದೆ. ರಾಷ್ಟ್ರೀಯ ತಂಡದವರು ಋತುವಿಡೀ ಪರಸ್ಪರ ಎದುರಾಗಿ ಆಡುತ್ತಾರೆ. ಭಾರತದಲ್ಲಿ ಆಟಗಾರ್ತಿಯ ಬದುಕು ನಿಂತಿರುವುದು ನೌಕರಿಯ ಮೇಲೆ. ರೈಲ್ವೆ, ಕೇರಳದ ವಿದ್ಯುತ್ ಮಂಡಳಿ, ಪೊಲೀಸ್ ಇಲಾಖೆ, ಭಿಲಾಯಿಯಂಥ ಉಕ್ಕಿನ ಕಾರ್ಖಾನೆಯ ಟೌನ್‌ಷಿಪ್ ಈ ಆಟವನ್ನು ಬದುಕಿಸಿವೆ. ಭಿಲಾಯಿಯಲ್ಲಿ ರಾಜೇಶ್ ಪಟೇಲ್ ಎಂಬ ಒಬ್ಬ ಕೋಚ್ ಬಡ ಮನೆಗಳ ಹುಡುಗಿಯರನ್ನು ಕರೆತಂದು, ಊಟ ವಸತಿ ಕೊಟ್ಟು ಬೆಳೆಸಿ, ಛತ್ತೀಸಗಡವನ್ನು ದೇಶದ ಬಲಿಷ್ಠ ತಂಡಗಳಲ್ಲಿ ಒಂದಾಗಿಸಿದರು. 2018ರಲ್ಲಿ ಅವರು ತೀರಿಕೊಂಡರು. ನೌಕರಿ ಸಿಕ್ಕ ಹುಡುಗಿಗೆ ಮನೆಯಲ್ಲಿ ಮರ್ಯಾದೆ, ಪಿಂಚಣಿಯ ಭರವಸೆ, ಆಟ ಮುಂದುವರಿಸಲು ರಜೆ ಎಲ್ಲವೂ ದೊರೆಯುತ್ತವೆ. ಇದು ಸಣ್ಣ ಸಂಗತಿಯಲ್ಲ. ಆದರೆ ನೌಕರಿ ಆಟಗಾರ್ತಿಯನ್ನು ಸಾಕಬಲ್ಲದೇ ಹೊರತು, ವಾರಕ್ಕೆರಡು ಕಠಿಣ ಪಂದ್ಯಗಳನ್ನು ಒದಗಿಸಲಾರದು.

ಪುರುಷರ ವಿಭಾಗದಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಫಿಬಾ 2017ರ ಕೊನೆಗೆ ವ್ಯವಸ್ಥೆಯನ್ನೇ ಬದಲಿಸಿತು. ಅರ್ಹತಾ ಪಂದ್ಯಗಳು ಒಂದು ವಾರದ ಟೂರ್ನಿಯಾಗಿ ಮುಗಿಯದೆ, ತವರು ಮತ್ತು ಎದುರಾಳಿಯ ನೆಲದಲ್ಲಿ ಕೆಲವು ತಿಂಗಳಿಗೊಮ್ಮೆ ನಡೆಯತೊಡಗಿದವು. 2019ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಭಾರತ ಲೆಬನಾನ್, ಜೋರ್ಡಾನ್, ಸಿರಿಯಾಗಳ ಜೊತೆ ಆರು ಪಂದ್ಯ ಆಡಿ ಆರನ್ನೂ ಸೋತಿತು. ಅಂಕಪಟ್ಟಿಯಲ್ಲಿ ಅದು ಬರೀ ಸೊನ್ನೆ. ಆದರೆ ಮುಂದಿನ ವರ್ಷಗಳಲ್ಲಿ ಅಂಥ ಪಂದ್ಯಗಳು ಬರುತ್ತಲೇ ಇದ್ದವು. 2025ರ ಮಾರ್ಚ್‌ನಲ್ಲಿ ಬಹ್ರೇನ್‌ನ ಮನಾಮಾದಲ್ಲಿ ಕೊನೆಯ ಅರ್ಹತಾ ಟೂರ್ನಿ ಆಡಿ ಭಾರತದ ಪುರುಷರು ಏಷ್ಯಾ ಕಪ್‌ಗೆ ಪ್ರವೇಶ ಪಡೆದರು. ಆಗಸ್ಟ್‌ನಲ್ಲಿ ಜಿದ್ದಾದಲ್ಲಿ ಜೋರ್ಡಾನ್ ವಿರುದ್ಧದ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 84–91ರಲ್ಲಿ ಕೈತಪ್ಪಿತು. ಗುಂಪಿನ ಮೂರೂ ಪಂದ್ಯ ಸೋತು ತಂಡ ಮರಳಿತು, ನಿಜ. ಆದರೂ ಜೋರ್ಡಾನ್‌ನಂಥ ತಂಡವನ್ನು ಹೆಚ್ಚುವರಿ ಅವಧಿಯವರೆಗೆ ಎಳೆದದ್ದು ನಿರಂತರವಾಗಿ ಆಡಿದ್ದರ ಫಲ.

ಮಹಿಳೆಯರ ಏಷ್ಯಾ ಕಪ್ ಈಗಲೂ ಎರಡು ವರ್ಷಕ್ಕೊಮ್ಮೆ ಬರುವ ಒಂದು ವಾರದ ಟೂರ್ನಿ. 2023ರಲ್ಲಿ ‘ಎ’ ಡಿವಿಷನ್ ಸಿಡ್ನಿಯಲ್ಲಿ ನಡೆದಾಗ ಭಾರತ ಆಡಿದ್ದು ಬ್ಯಾಂಕಾಕ್‌ನಲ್ಲಿ, ‘ಬಿ’ ಡಿವಿಷನ್ನಿನಲ್ಲಿ. ಬ್ಯಾಂಕಾಕ್ ಎಂದರೆ ಹತ್ತು ವರ್ಷಗಳ ಹಿಂದೆ ಐದನೆಯ ಸ್ಥಾನ ಪಡೆದ ಅದೇ ಊರು.

ಬೆಂಗಳೂರಿನ 75–73ನ್ನು ಈ ಎಲ್ಲದರ ನಡುವೆ ಇಟ್ಟು ತೂಗಿದರೆ ಅದರ ಬೆಲೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಲೀಗ್ ಇಲ್ಲದೆ, ನೌಕರಿಯ ರಜೆಯಲ್ಲಿ ಶಿಬಿರ ಸೇರಿದ ಹನ್ನೆರಡು ಮಂದಿ ತಮ್ಮ ಕೈಯಲ್ಲಿದ್ದ ಒಂದೇ ಅವಕಾಶವನ್ನು ಬಿಟ್ಟುಕೊಡಲಿಲ್ಲ. ಹೊಸ್ತಿಲು ದಾಟುವ ಕೆಲಸ ಆಟಗಾರ್ತಿಯರದು, ಅದನ್ನು ಅವರು ಮಾಡಿ ತೋರಿಸಿದರು. ದಾಟಿದ ಮೇಲೆ ಒಳಗೆ ಉಳಿಯಲು ಬೇಕಾದ ಪಂದ್ಯಗಳನ್ನು ಒದಗಿಸುವ ಕೆಲಸ ಬೇರೆಯವರದಾಗಿತ್ತು.