‘ಸರ್ವರ್ ಇಲ್ರಿ’: ಪಹಣಿ ಊರು ಬಿಟ್ಟ ಕಥೆ

1/5
“ಸರ್ವರ್ ಇಲ್ರಿ, ನಾಳಿ ಬರ್ರಿ.”
ಬೀದರ್, ಭಾಲ್ಕಿ, ಔರಾದ್ ಕಡೆ ಈ ಮಾತು ಕೇಳದವರು ಯಾರದಾರ? ಬೆಳೆಸಾಲಕ್ಕ ಪಹಣಿ ಬೇಕು ಅಂತ ಒಂದು ದಿನದ ಕೂಲಿ ಬಿಟ್ಟು ಹಳ್ಳಿಯಿಂದ ಬಂದವರಿಗೆ ಇದರ ಅರ್ಥ ಒಂದೇ: ನಾಳಿನ ಕೂಲಿನೂ ಹೋಯ್ತು. ಆದ್ರ ಸರ್ವರ್ ‘ಇಲ್ಲ’ ಅಂದ್ರ ಎಲ್ಲಿ ಇಲ್ಲ? ಇದಕ್ಕೊಂದು ಇತಿಹಾಸ ಅದ.

2/5
1956ರ ನವೆಂಬರ್ 1ರಂದು ಬೀದರ್ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ದಶಕಗಟ್ಟಲೆ ಪಹಣಿ ಪುಸ್ತಕ ಇದ್ದದ್ದು ಗ್ರಾಮ ಲೆಕ್ಕಿಗರ ಕೈಯಾಗ. ರಾಜ್ಯದಾಗ ಅಂಥವರು ಸುಮಾರು 9,000 ಜನ. ಪುಸ್ತಕ ಎಲ್ಲದ ಅಂತ ಊರಿಗೆಲ್ಲ ಗೊತ್ತಿತ್ತು. ಆದ್ರ ತೆಗೆದು ತೋರಿಸೋದು, ಬಿಡೋದು ಒಬ್ಬರ ಮರ್ಜಿ.

2001ರ ಹೊತ್ತಿಗೆ ‘ಭೂಮಿ’ ಯೋಜನೆ ಬಂತು. 177 ತಾಲೂಕು, ಸುಮಾರು 67 ಲಕ್ಷ ರೈತರು, 2 ಕೋಟಿ ದಾಖಲೆ ಕಂಪ್ಯೂಟರಿಗೆ ಏರಿದವು. ಆಗ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರ್ತಿತ್ತು. ಮೊದಲು ಸರ್ವರ್ ಇದ್ದದ್ದು ತಾಲೂಕು ಕಚೇರಿಯಲ್ಲೇ; ಔರಾದ್ ಹೊಲದ ಲೆಕ್ಕ ಔರಾದ್‌ನಲ್ಲೇ. ಆಮೇಲೆ ಡೇಟಾಬೇಸ್ ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್‌ಗೆ ಹೋಯಿತು. ಇಲ್ಲಿಂದ ಸುಮಾರು 700 ಕಿ.ಮೀ. ಲಾಭ ಖರೆ ಅದ: ದಾಖಲೆ ಒಂದೇ ಕಡೆ ಭದ್ರ, ಎಲ್ಲಿಂದಲಾದರೂ ತೆಗೀಬಹುದು. ಆದ್ರ ನಡುವಿನ ದಾರಿ ಉದ್ದ ಆಯ್ತು.

3/5
ಪೈಥಾನ್ ನೋಟ್‌ಬುಕ್ ಕಥೆನೂ ಹಂಗೇ. ಅದೇ 2001ರಲ್ಲಿ, ಅಮೆರಿಕದ ಕೊಲರಾಡೊದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಫರ್ನಾಂಡೊ ಪೆರೆಜ್ ‘ಐಪೈಥಾನ್’ ಶುರು ಮಾಡಿದರು. 2011ಕ್ಕೆ ಅದು ಬ್ರೌಸರಿನ ನೋಟ್‌ಬುಕ್ ಆಯಿತು, 2014ಕ್ಕೆ ‘ಜುಪಿಟರ್’. 2017ರಲ್ಲಿ ಗೂಗಲ್ ತನ್ನ ‘ಕೊಲ್ಯಾಬ್’ ಎಲ್ಲರಿಗೂ ತೆರೆಯಿತು. ಲ್ಯಾಪ್‌ಟಾಪ್‌ನಲ್ಲೇ ಕೋಡ್, ಅಲ್ಲೇ ಮೈಎಸ್‌ಕ್ಯೂಎಲ್ ಇದ್ದಾಗ ವಿಳಾಸಕ್ಕೆ ‘ಲೋಕಲ್‌ಹೋಸ್ಟ್’ ಅಂತ ಬರೆದರೆ ಸಾಕಿತ್ತು. ಅದರ ಅರ್ಥ ‘ಇಲ್ಲೇ, ಇದೇ ಮಷೀನು’, ನಂಬರ್ 127.0.0.1. ಈಗ ಕೋಡ್ ಓಡೋದು ಗೂಗಲ್ ಮಷೀನಿನಲ್ಲಿ, ಡೇಟಾ ಭಾಲ್ಕಿಯ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ. ಆದ್ರೂ ‘ಲೋಕಲ್‌ಹೋಸ್ಟ್’ ಅಂತಲೇ ಬರೀತೀವಿ. ಅದು ಗೂಗಲ್ ಮನೆಯೊಳಗೆ ನಮ್ಮ ಪಹಣಿ ಹುಡುಕಿ ಬರಿಗೈಲಿ ವಾಪಸ್ ಬರತದ.

4/5
ದಾರಿ ನಾಲ್ಕು ಕಡೆ ಕಡಿಬಹುದು. ಎರರ್ ಓದಿದರೆ ಜಾಗ ಗೊತ್ತಾಗತದ:

▪️ ಹೆಸರೇ ಗೊತ್ತಿಲ್ಲ ಅಂದ್ರೆ: ಹೋಸ್ಟ್ ವಿಳಾಸ ತಪ್ಪು, ಅಥವಾ ಡಿಎನ್‌ಎಸ್ ತೊಂದರೆ.
▪️ ‘ಟೈಮ್ಡ್ ಔಟ್’: ಕರೆದರೂ ಉತ್ತರ ಇಲ್ಲ. ಹೆಚ್ಚಾಗಿ ಫೈರ್‌ವಾಲ್ ತಡೆದಿರತದ. ಕೊಲ್ಯಾಬ್‌ನ ಐಪಿ ಬದಲಾಗುತ್ತಿರೋದರಿಂದ ನಿನ್ನೆ ಬಿಟ್ಟದ್ದು ಇವತ್ತು ಬಿಡದೇ ಇರಬಹುದು.
▪️ ‘ಕನೆಕ್ಷನ್ ರಿಫ್ಯೂಸ್ಡ್’: ಮನೆ ಸಿಕ್ಕಿತು, ಆದ್ರ ಆ ಬಾಗಿಲಲ್ಲಿ ಯಾರೂ ಇಲ್ಲ. ಡೇಟಾಬೇಸ್ ಆನ್ ಆಗಿಲ್ಲ, ಪೋರ್ಟ್ ತಪ್ಪು (ಮೈಎಸ್‌ಕ್ಯೂಎಲ್‌ಗೆ ಸಾಮಾನ್ಯವಾಗಿ 3306), ಇಲ್ಲಾ ಅದು 127.0.0.1ಕ್ಕೆ ಮಾತ್ರ ಕಿವಿ ಕೊಡ್ತದ.
▪️ ‘ಆಕ್ಸೆಸ್ ಡಿನೈಡ್’: ದಾರಿ ಪೂರಾ ಸರಿ ಅದ! ಯೂಸರ್, ಪಾಸ್‌ವರ್ಡ್ ನೋಡ್ರಿ. ಮೈಎಸ್‌ಕ್ಯೂಎಲ್‌ನಲ್ಲಿ ಯೂಸರ್ ಎಲ್ಲಿಂದ ಬರ್ತಾನ ಅನ್ನೋದೂ ಲೆಕ್ಕಕ್ಕ ಬರತದ; ‘ಇಲ್ಲೇ’ ಇರೋ ರೂಟ್, ಹೊರಗಿಂದ ಬರೋ ರೂಟ್ ಬೇರೆ ಬೇರೆ.

ಪಾಸ್‌ವರ್ಡ್ ಬದಲಿಸೋಕೆ ಮೊದಲು ಪೈಥಾನ್‌ನ ‘ಸಾಕೆಟ್’ ಬಳಸಿ ಬರೀ ಪೋರ್ಟ್ ಬಡಿದು ನೋಡ್ರಿ. ಬಾಗಿಲೇ ತೆರೀದಿದ್ರ ಪಾಸ್‌ವರ್ಡ್ ಏನು ಮಾಡೀತು? ಹಂಗಂತ ಸಿಟ್ಟಿಗೆ ಫೈರ್‌ವಾಲ್ ಇಡೀ ಜಗತ್ತಿಗೆ ತೆಗೀಬ್ಯಾಡ್ರಿ. ಪಾಸ್‌ವರ್ಡ್ ಸೆಲ್‌ನಲ್ಲಿ ಬರೀಬ್ಯಾಡ್ರಿ, ಕೊಲ್ಯಾಬ್‌ನ ‘ಸೀಕ್ರೆಟ್ಸ್’ನಲ್ಲಿ ಇಡ್ರಿ.

5/5
ಕಚೇರಿ ಕೌಂಟರಿನ ತಂತ್ರಾಂಶ ಬೇರೆ, ನಮ್ಮ ನೋಟ್‌ಬುಕ್ ಬೇರೆ. ಆದ್ರ ದಾರಿ ಕಡಿಯೋ ರೀತಿ ಒಂದೇ. ಇಲ್ಲಿನ ಕೇಬಲ್ ಹೋಗಿದ್ರ ಒಂದು ಮಾತು, ಬೆಂಗಳೂರಲ್ಲೇ ನಿಂತಿದ್ರ ಇನ್ನೊಂದು, ಲಾಗಿನ್ ತೊಂದರೆ ಆದ್ರ ಹತ್ತು ನಿಮಿಷದ ಕೆಲಸ. ಈ ಎಲ್ಲಕ್ಕೂ ‘ಸರ್ವರ್ ಇಲ್ಲ’ ಒಂದೇ ಉತ್ತರ ಆದಾಗ, ಕಾಯಬೇಕೋ ಮನೆಗೆ ಹೋಗಬೇಕೋ ಅಂತ ರೈತನಿಗೆ ಗೊತ್ತಾಗೋದಿಲ್ಲ. ಹಳೇ ಕಾಲದಾಗ ಪುಸ್ತಕ ಯಾರ ಮನೆಯಾಗದ ಅಂತ ಕೇಳೋಕಾದ್ರೂ ಬರ್ತಿತ್ತು. ಈಗ ಕೇಳಬೇಕಾದ ಪ್ರಶ್ನೆ ಒಂದೇ: “ಯಾವ ಎರರ್ ಬಂದದ್ರಿ?”

ನಿಮ್ಮೂರಾಗ ಏನಂತಾರ? ಕಾಮೆಂಟಿನಾಗ ಬರೀರಿ 👇
#ಬೀದರ್ #ಭಾಲ್ಕಿ #ಔರಾದ್ #ಪಹಣಿ #ನಮ್ಮಇತಿಹಾಸ